‘ನನಗಂತೂ ಗುಣವಾಯಿತು’

ಆರೋಗ್ಯದ ಪುಸ್ತಕ ಕೊಳ್ಳುವವರು ಈಗ ಮುನ್ನುಡಿ ಓದುವುದಿಲ್ಲ, ಬೆನ್ನುಡಿಯನ್ನೂ ಓದುವುದಿಲ್ಲ. ಈಗಾಗಲೇ ಕೊಂಡವರು ಏನು ಹೇಳಿದ್ದಾರೆ ಎಂದು ನೋಡುತ್ತಾರೆ. ಬಿಪಿ ನೋಡುವ ಯಂತ್ರ, ಹೆಜ್ಜೆ ಎಣಿಸುವ ವಾಚು, ಮಂಡಿನೋವಿನ ಬೆಲ್ಟು, ಯಾವುದೇ ಆಗಲಿ, ಎಷ್ಟು ಸ್ಟಾರ್ ಬಿದ್ದಿವೆ ಎಂದು ನೋಡದೆ ಯಾರೂ ದುಡ್ಡು ಬಿಚ್ಚುವುದಿಲ್ಲ. ಆ ಅಭಿಪ್ರಾಯಗಳ ರಾಶಿಯಲ್ಲಿ ಪದೇ ಪದೇ ಕಣ್ಣಿಗೆ ಬೀಳುವ ವಾಕ್ಯವೊಂದಿದೆ: ‘ಬೇರೆಯವರ ವಿಷಯ ಗೊತ್ತಿಲ್ಲ, ನನಗಂತೂ ಗುಣವಾಯಿತು.’ ಎಷ್ಟು ವಿನಯದ ಮಾತು! ಯಾರನ್ನೂ ಒತ್ತಾಯಿಸುವುದಿಲ್ಲ, ಏನನ್ನೂ ಮಾರುವುದಿಲ್ಲ, ತನಗೆ ಆದದ್ದನ್ನಷ್ಟೇ ಹೇಳುತ್ತದೆ. ನನ್ನ ತಕರಾರಿರುವುದು ಈ ವಾಕ್ಯದ ಮೇಲೆಯೇ. ಇದನ್ನು ಬರೆಯುವವರು ಸುಳ್ಳುಗಾರರೆಂದು ನಾನು ಹೇಳುತ್ತಿಲ್ಲ. ಅವರು ಸುಳ್ಳುಗಾರರಾಗಿದ್ದರೆ ಈ ಲೇಖನ ಬರೆಯುವ ಅಗತ್ಯವೇ ಇರಲಿಲ್ಲ.

ಸುಳ್ಳು ರಿವ್ಯೂಗಳ ಬಗ್ಗೆ ನಮಗೆಲ್ಲ ಎಚ್ಚರವಿದೆ. ಭಾರತೀಯ ಮಾನಕ ಬ್ಯೂರೋ 2022ರ ನವೆಂಬರಿನಲ್ಲಿ ಆನ್‌ಲೈನ್ ಗ್ರಾಹಕ ವಿಮರ್ಶೆಗಳಿಗೆಂದೇ ಒಂದು ಮಾನದಂಡವನ್ನು ಹೊರತಂದಿತು. ಬರೆದವರು ನಿಜವಾದ ಮನುಷ್ಯರೇ, ಅದನ್ನು ಪರಿಶೀಲಿಸಿ ಪ್ರಕಟಿಸುವುದು ಹೇಗೆ ಎಂಬುದೆಲ್ಲ ಅದರಲ್ಲಿದೆ. ಒಳ್ಳೆಯದೇ. ಸುಳ್ಳು ಒಂದು ದಿನ ಸಿಕ್ಕಿಬೀಳುತ್ತದೆ ಕೂಡ. ಆಸ್ಟ್ರೇಲಿಯಾದ ಬೆಲ್ ಗಿಬ್ಸನ್ ಎಂಬಾಕೆ ತನ್ನ ಮಿದುಳಿನ ಕ್ಯಾನ್ಸರನ್ನು ಆಹಾರಕ್ರಮದಿಂದಲೇ ಹಿಡಿತಕ್ಕೆ ತಂದೆನೆಂದು ಹೇಳಿಕೊಂಡು ಆ್ಯಪ್ ಮಾಡಿದಳು, ಪುಸ್ತಕ ಬರೆದಳು, ಅಭಿಮಾನಿಗಳನ್ನು ಗಳಿಸಿದಳು. ಕ್ಯಾನ್ಸರೇ ಇರಲಿಲ್ಲವೆಂದು 2015ರಲ್ಲಿ ಒಪ್ಪಿಕೊಂಡಳು. 2017ರಲ್ಲಿ ಅಲ್ಲಿನ ನ್ಯಾಯಾಲಯ 4,10,000 ಆಸ್ಟ್ರೇಲಿಯನ್ ಡಾಲರ್ ದಂಡ ಹಾಕಿತು. ಸುಳ್ಳಿಗೆ ಇಂಥ ಒಂದು ಕೊನೆಯಿದೆ. ಆದರೆ ಆ ಪುಸ್ತಕ ಓದಿ, ಅದರಂತೆ ಉಂಡು, ‘ನನಗೂ ಹಗುರ ಅನಿಸಿತು’ ಎಂದು ಮನಸಾರೆ ಬರೆದ ಓದುಗರನ್ನು ಯಾವ ಕೋರ್ಟಿಗೆ ಕರೆಯುವುದು? ಅವರು ನಿಜವನ್ನೇ ಹೇಳಿದ್ದರು. ಯಾವ ಮಾನದಂಡದ ಪರೀಕ್ಷೆಯಲ್ಲೂ ಆ ಮಾತು ಪಾಸಾಗುತ್ತದೆ.

ಹಾಗಾದರೆ ದೋಷ ಎಲ್ಲಿದೆ? ನಮ್ಮ ದೇವಸ್ಥಾನಗಳಲ್ಲಿ ಹರಕೆ ಒಪ್ಪಿಸಿದ ಬೆಳ್ಳಿಯ ಕಣ್ಣುಗಳನ್ನು ನೀವು ನೋಡಿರುತ್ತೀರಿ. ಕಣ್ಣುಬೇನೆ ವಾಸಿಯಾದವರು ಕಣ್ಣು ತಂದು ಹಾಕುತ್ತಾರೆ, ಕಾಲು ನೋವು ಹೋದವರು ಕಾಲು ಮಾಡಿಸಿ ಹಾಕುತ್ತಾರೆ. ಹರಕೆ ಹೊತ್ತೂ ವಾಸಿಯಾಗದವರು ಏನು ತಂದು ಹಾಕಬೇಕು? ಅವರ ಲೆಕ್ಕ ಹುಂಡಿಯಲ್ಲಿ ಸಿಗುವುದಿಲ್ಲ. ಇದು ಹಳೆಯ ಪ್ರಶ್ನೆ. ಗ್ರೀಸಿನ ಡಯಾಗೊರಸ್‌ಗೆ, ಬಿರುಗಾಳಿಯಲ್ಲಿ ದೇವರಿಗೆ ಹರಕೆ ಹೊತ್ತು ಬದುಕಿ ಬಂದವರ ಚಿತ್ರಗಳನ್ನು ಗೆಳೆಯನೊಬ್ಬ ತೋರಿಸಿದನಂತೆ. ಮುಳುಗಿಹೋದವರ ಚಿತ್ರ ಯಾರೂ ಬರೆಸಿಲ್ಲವಲ್ಲ ಎಂದು ಅವನು ಮರುಮಾತಾಡಿದನೆಂದು ಸಿಸೆರೊ ದಾಖಲಿಸಿದ್ದಾನೆ. ಇವತ್ತಿನ ರಿವ್ಯೂ ಪುಟವೂ ಅಂಥದೇ ಒಂದು ಹರಕೆಯ ಗೋಡೆ. ಫಲ ಸಿಗದವನು ಎರಡು ವಾರ ನೋಡಿ ಪುಸ್ತಕವನ್ನು ಅಟ್ಟಕ್ಕೆ ಹಾಕುತ್ತಾನೆ, ಬೆಲ್ಟನ್ನು ಮಂಚದಡಿಗೆ ತಳ್ಳುತ್ತಾನೆ. ಅದರಲ್ಲೂ ಆರೋಗ್ಯದ ಪುಸ್ತಕದ ಸೋಲನ್ನು ಓದುಗ ತನ್ನ ಸೋಲೆಂದೇ ತಿಳಿಯುತ್ತಾನೆ: ‘ನಾನೇ ಸರಿಯಾಗಿ ಪಥ್ಯ ಮಾಡಲಿಲ್ಲ, ನನಗೇ ಶಿಸ್ತಿಲ್ಲ.’ ಮಿಕ್ಸಿ ಕೆಟ್ಟರೆ ಕಂಪನಿಗೆ ಬೈಯುವ ನಾವು, ಆರೋಗ್ಯದ ಪುಸ್ತಕ ಕೈಕೊಟ್ಟರೆ ನಮ್ಮನ್ನೇ ಬೈದುಕೊಳ್ಳುತ್ತೇವೆ. ಹೀಗಾಗಿ ಮೆಚ್ಚುಗೆ ಮಾತಾಡುತ್ತದೆ, ನಿರಾಶೆ ನಾಚಿಕೊಂಡು ಸುಮ್ಮನಿರುತ್ತದೆ.

ಎರಡನೆಯ ದೋಷ, ಕಾಗೆ ಕೂತಿದ್ದಕ್ಕೂ ಕೊಂಬೆ ಮುರಿದಿದ್ದಕ್ಕೂ ಸರಿಹೋಗುವುದು. ಬೆನ್ನುನೋವಿನ ಪುಸ್ತಕವನ್ನು ಯಾರು ಯಾವಾಗ ಕೊಳ್ಳುತ್ತಾರೆ? ನೋವು ತಡೆಯಲಾರದಷ್ಟು ಹೆಚ್ಚಾದಾಗ. ಏರಿಳಿಯುವ ಸ್ವಭಾವದ ಯಾವ ನೋವೇ ಆಗಲಿ, ಏರಿದ ಮೇಲೆ ಇಳಿಯುವುದೇ ಹೆಚ್ಚು. ಅಳತೆಗಳು ಹೀಗೆ ಸರಾಸರಿಯ ಕಡೆಗೆ ಮರಳುವುದನ್ನು ಫ್ರಾನ್ಸಿಸ್ ಗಾಲ್ಟನ್ 1886ರಲ್ಲೇ ತಂದೆತಾಯಿ-ಮಕ್ಕಳ ಎತ್ತರದ ಲೆಕ್ಕದಲ್ಲಿ ತೋರಿಸಿದ್ದ. ತೀರಾ ಕೆಟ್ಟ ದಿನ ಕೊಂಡ ವಸ್ತುವಿಗೆ ಮುಂದಿನ ಒಳ್ಳೆಯ ದಿನಗಳ ಕೀರ್ತಿ ಪುಕ್ಕಟೆಯಾಗಿ ಸಿಗುತ್ತದೆ.

ಇದನ್ನು ದಾಟುವ ದಾರಿ ಒಂದೇ, ಹೋಲಿಸಿ ನೋಡುವುದು. ಸಂಧಿವಾತಕ್ಕೆ ತಾಮ್ರದ ಕಡಗ ತೊಡುವುದು ನಮ್ಮಲ್ಲೂ ಇದೆ, ಇಂಗ್ಲೆಂಡಿನಲ್ಲೂ ಇದೆ. ಅಲ್ಲಿ ರುಮಟಾಯ್ಡ್ ಸಂಧಿವಾತದ 70 ಮಂದಿಗೆ ತಾಮ್ರದ ಕಡಗ, ಅಯಸ್ಕಾಂತದ ಪಟ್ಟಿ, ಶಕ್ತಿ ಕುಗ್ಗಿಸಿದ ಪಟ್ಟಿ, ಅಯಸ್ಕಾಂತ ಗುಣವೇ ಇಲ್ಲದ ಪಟ್ಟಿ, ಹೀಗೆ ನಾಲ್ಕನ್ನೂ ಒಂದಾದ ಮೇಲೊಂದರಂತೆ ಐದೈದು ವಾರ ತೊಡಿಸಿ ನೋಡಿದರು. 2013ರಲ್ಲಿ ಪ್ರಕಟವಾದ ಫಲಿತಾಂಶ: ನೋವಿನಲ್ಲಾಗಲಿ ಊತದಲ್ಲಾಗಲಿ, ಹುಸಿ ಪಟ್ಟಿಗೂ ಅಸಲಿಗೂ ಹೇಳಿಕೊಳ್ಳುವಂಥ ವ್ಯತ್ಯಾಸವಿಲ್ಲ. ಆ 70 ಜನರಲ್ಲಿ ಯಾರಾದರೊಬ್ಬರು ಕಡಗ ಮಾತ್ರ ತೊಟ್ಟು, ನೋವು ಇಳಿದ ವಾರದಲ್ಲಿ ಅಭಿಪ್ರಾಯ ಬರೆದಿದ್ದರೆ ಐದು ಸ್ಟಾರ್ ಕೊಡುತ್ತಿದ್ದರು. ಅದೂ ಸತ್ಯವೇ ಆಗಿರುತ್ತಿತ್ತು.

ಮೂರನೆಯ ದೋಷ ಕಾಲದ್ದು. ಇದನ್ನು ನಾನು ನಮ್ಮ ಮನೆಯಲ್ಲೇ ಕಂಡೆ. ನನ್ನ ದೊಡ್ಡಮ್ಮ ಕಡೂರಿನ ಕಡೆ ಪ್ರಾಥಮಿಕ ಶಾಲೆಯಲ್ಲಿ ಟೀಚರಾಗಿದ್ದು ನಿವೃತ್ತರಾದವರು. ಇಪ್ಪತ್ತೊಂದು ದಿನಗಳಲ್ಲಿ ಸಕ್ಕರೆ ಕಾಯಿಲೆಯನ್ನು ಓಡಿಸುವ ಪುಸ್ತಕವೊಂದು ಅವರ ಕೈಗೆ ಬಂತು. ಶ್ರದ್ಧೆಯಿಂದ ಓದಿದರು, ಅಂಚಿನಲ್ಲಿ ಗುರುತು ಹಾಕಿಕೊಂಡರು. ರಾತ್ರಿಯ ಅನ್ನ ಬಿಟ್ಟರು, ಕಾಫಿಗೆ ಸಕ್ಕರೆ ಬಿಟ್ಟರು, ಬೆಳಿಗ್ಗೆ ಕೆರೆ ಏರಿಯ ಮೇಲೆ ನಡೆದರು. ಖಾಲಿಹೊಟ್ಟೆಯ ಶುಗರ್ 190ರಿಂದ 128ಕ್ಕೆ ಇಳಿಯಿತು. ಮಾತ್ರೆ ನಿಲ್ಲಿಸಿದರು. ಆ ಸಂತೋಷದಲ್ಲೇ ಪ್ರಕಾಶಕರಿಗೆ ಎರಡು ಪುಟದ ಕಾಗದ ಬರೆದರು. ಮುಂದಿನ ಮುದ್ರಣದ ಕೊನೆಯಲ್ಲಿ ‘ಓದುಗರ ಮಾತು’ ಎಂಬ ಭಾಗದಲ್ಲಿ ಊರು, ಹೆಸರಿನ ಸಮೇತ ಅದು ಅಚ್ಚಾಯಿತು. ಟೀಚರೇ ಬರೆದಿದ್ದಾರೆ ಅಂದಮೇಲೆ ಇನ್ನೇನು ಎಂದುಕೊಂಡು ಅವರ ಹಳೆಯ ಸಹೋದ್ಯೋಗಿಗಳು ಮೂರು ಮಂದಿ ಪುಸ್ತಕ ತರಿಸಿಕೊಂಡರು. ಎಂಟು ತಿಂಗಳಾದ ಮೇಲೆ ಚಪ್ಪಲಿ ಕಚ್ಚಿದ ಗಾಯ ಒಣಗಲಿಲ್ಲ. ಆಸ್ಪತ್ರೆಗೆ ಹೋಗುವಷ್ಟರಲ್ಲಿ ಶುಗರ್ ಮುನ್ನೂರು ದಾಟಿತ್ತು. ಎಡಗಾಲಿನ ಎರಡು ಬೆರಳು ತೆಗೆಯಬೇಕಾಯಿತು.

‘ಹಾಗೆಲ್ಲ ಯಾಕೆ ಬರೆದ್ರಿ ದೊಡ್ಡಮ್ಮ’ ಎಂದು ಕೇಳಿದೆ. ‘ನಾನೇನು ಸುಳ್ಳು ಬರೆದಿಲ್ಲ ಕಣೇ. ಆವತ್ತಿಗೆ ಅದು ನಿಜವೇ ಆಗಿತ್ತು’ ಅಂದರು. ನಿಜ, ಆವತ್ತಿಗೆ ನಿಜವಾಗಿತ್ತು. ಅವರು ಎರಡನೆಯ ಕಾಗದವನ್ನೂ ಬರೆದರು: ಹೀಗಾಗಿದೆ, ದಯವಿಟ್ಟು ನನ್ನ ಪತ್ರ ತೆಗೆಯಿರಿ ಎಂದು. ಉತ್ತರ ಬರಲಿಲ್ಲ. ಅದರ ನಂತರ ಬಂದ ಮುದ್ರಣದಲ್ಲೂ ಮೊದಲ ಪತ್ರ ಹಾಗೆಯೇ ಇದೆ. ಇಪ್ಪತ್ತೈದನೆಯ ದಿನದ ದೊಡ್ಡಮ್ಮ ಈಗಲೂ ಆ ಪುಟದಲ್ಲಿ ಗುಣವಾಗಿಯೇ ಇದ್ದಾರೆ, ಇನ್ನೂ ಎಷ್ಟೋ ಜನರಿಗೆ ಧೈರ್ಯ ಹೇಳುತ್ತಲೇ ಇದ್ದಾರೆ.

ಹಾಗೆಂದು ಆಹಾರದಿಂದ ಸಕ್ಕರೆ ಕಾಯಿಲೆ ಹಿಡಿತಕ್ಕೆ ಬರುವುದೇ ಇಲ್ಲವೆಂದು ನಾನು ಹೇಳುತ್ತಿಲ್ಲ. ಬರುತ್ತದೆ. ಬ್ರಿಟನ್ನಿನಲ್ಲಿ ನಡೆದ ‘ಡೈರೆಕ್ಟ್’ ಎಂಬ ಪ್ರಯೋಗದ ಫಲಿತಾಂಶ 2017ರಲ್ಲಿ ಹೊರಬಂತು. ಕಾಯಿಲೆ ಪತ್ತೆಯಾಗಿ ಆರು ವರ್ಷ ಮೀರಿರದ, ಇನ್ಸುಲಿನ್ ತೆಗೆದುಕೊಳ್ಳದ ಜನರನ್ನು ಆರಿಸಿ, ಆರೋಗ್ಯ ಸಿಬ್ಬಂದಿಯ ಕಣ್ಗಾವಲಿನಲ್ಲಿ ಮಾತ್ರೆ ನಿಲ್ಲಿಸಿ, ಕಟ್ಟುನಿಟ್ಟಾದ ಆಹಾರಕ್ರಮದಿಂದ ತೂಕ ಇಳಿಸಿದರು. ಒಂದು ವರ್ಷದ ಹೊತ್ತಿಗೆ ಶೇ. 46 ಮಂದಿಯಲ್ಲಿ ಕಾಯಿಲೆ ಹಿಮ್ಮೆಟ್ಟಿತ್ತು. ಮಾಮೂಲಿ ಚಿಕಿತ್ಸೆಯಲ್ಲಿದ್ದವರಲ್ಲಿ ಈ ಪ್ರಮಾಣ ಶೇ. 4. ಎರಡು ವರ್ಷದ ಹೊತ್ತಿಗೆ ಶೇ. 46 ಎಂಬುದು ಶೇ. 36ಕ್ಕೆ ಇಳಿದಿತ್ತು. ಇಲ್ಲಿ ಗೆದ್ದವರ ಲೆಕ್ಕ ಇದೆ, ಸೋತವರದ್ದೂ ಇದೆ, ಗೆದ್ದು ಆಮೇಲೆ ಸೋತವರದ್ದೂ ಇದೆ. ರಿವ್ಯೂ ಪುಟದಲ್ಲಿ ಸಿಗುವುದು ಮೊದಲನೆಯದು ಮಾತ್ರ. ಪುಸ್ತಕದ ಆಯಸ್ಸು ಇಪ್ಪತ್ತೊಂದು ದಿನ, ಕಾಯಿಲೆಯ ಆಯಸ್ಸು ಇಪ್ಪತ್ತು ವರ್ಷ. ಅಭಿಪ್ರಾಯ ಹುಟ್ಟುವುದು ಮಾತ್ರ ಇಪ್ಪತ್ತೆರಡನೆಯ ದಿನ.

ಮಾರುವವರಿಗೆ ಇದು ಚೆನ್ನಾಗಿ ಗೊತ್ತಿದೆ. ನಮ್ಮ ದೇಶದಲ್ಲಿ 1954ರಿಂದ ಒಂದು ಕಾಯ್ದೆಯಿದೆ: ಔಷಧ ಮತ್ತು ಮಾಂತ್ರಿಕ ಪರಿಹಾರಗಳ ಆಕ್ಷೇಪಾರ್ಹ ಜಾಹೀರಾತುಗಳ ಕಾಯ್ದೆ. ಸಕ್ಕರೆ ಕಾಯಿಲೆ, ಕ್ಯಾನ್ಸರ್, ಕುರುಡು, ರಕ್ತದೊತ್ತಡ ಮೊದಲಾದ ಪಟ್ಟಿಯಲ್ಲಿರುವ ಕಾಯಿಲೆಗಳನ್ನು ವಾಸಿ ಮಾಡುತ್ತೇವೆಂದು ಔಷಧಿಗೂ ತಾಯಿತಕ್ಕೂ ಜಾಹೀರಾತು ಕೊಡುವಂತಿಲ್ಲ. ಮೊದಲ ಸಲ ತಪ್ಪು ಸಾಬೀತಾದರೆ ಆರು ತಿಂಗಳವರೆಗೆ ಜೈಲು. ಪ್ರಾಮಾಣಿಕ ವೈಜ್ಞಾನಿಕ, ಸಾಮಾಜಿಕ ದೃಷ್ಟಿಯಿಂದ ಬರೆದ ಗ್ರಂಥಗಳಿಗೆ ಇದರಿಂದ ವಿನಾಯಿತಿ ಇದೆ, ಇರಬೇಕಾದದ್ದೇ. ಆದರೆ ಈ ಕಾಯ್ದೆಯ ಭಯ ಇರುವುದು ಮಾರುವವನಿಗೆ, ಕೊಂಡವನಿಗಲ್ಲ. ಕಂಪನಿ ‘ಶುಗರ್ ವಾಸಿಯಾಗುತ್ತದೆ’ ಎಂದರೆ ಅದು ಜಾಹೀರಾತು. ಗ್ರಾಹಕರು ‘ನನ್ನ ಶುಗರ್ ವಾಸಿಯಾಯಿತು’ ಎಂದರೆ ಅದು ಅನುಭವ. ತಾನು ಹೇಳಬಾರದ ಮಾತನ್ನು ಗ್ರಾಹಕನ ಬಾಯಲ್ಲಿ, ಅದೂ ಬಿಟ್ಟಿಯಾಗಿ ಹೇಳಿಸುವ ವ್ಯಾಪಾರ ಇದು. ಆ ಗ್ರಾಹಕನಿಗೆ ಒಂದು ಪೈಸೆ ಕೊಡದಿರುವುದೇ ಅವನ ಮಾತಿನ ಬೆಲೆ ಹೆಚ್ಚಿಸುತ್ತದೆ.

ಓದಿದವರು, ಬುದ್ಧಿವಂತರು ಇದಕ್ಕೆಲ್ಲ ಬೀಳುವುದಿಲ್ಲ ಎಂದು ಈ ಪತ್ರಿಕೆಯ ಓದುಗರಿಗೆ ಅನಿಸಬಹುದು. ಹಾಗಾದರೆ ಆಲ್ಡಸ್ ಹಕ್ಸ್‌ಲೀಯನ್ನು ನೆನೆಯೋಣ. ಹದಿನಾರರ ಹರೆಯದಲ್ಲಿ ಕಣ್ಣಿನ ಸೋಂಕಿನಿಂದ ಹೆಚ್ಚುಕಡಿಮೆ ಕುರುಡಾದವನು, ಜೀವನಪೂರ್ತಿ ಮಂದದೃಷ್ಟಿಯೊಂದಿಗೇ ಬರೆದವನು. ವಿಲಿಯಂ ಬೇಟ್ಸ್ ಎಂಬ ಅಮೆರಿಕದ ಕಣ್ಣಿನ ವೈದ್ಯ 1920ರಲ್ಲಿ, ಕನ್ನಡಕವಿಲ್ಲದೆ ವ್ಯಾಯಾಮದಿಂದಲೇ ದೃಷ್ಟಿ ಸರಿಪಡಿಸುವ ಪುಸ್ತಕ ಬರೆದಿದ್ದ. ನೋಟ ಹೊಂದಿಸುವುದು ಕಣ್ಣಿನ ಮಸೂರವಲ್ಲ, ಹೊರಗಿನ ಸ್ನಾಯುಗಳು ಎಂಬುದು ಅವನ ವಾದ. ಅದು ತಪ್ಪು, ಹೊಂದಿಕೊಳ್ಳುವುದು ಮಸೂರವೇ. ಹಕ್ಸ್‌ಲೀ 1939ರಲ್ಲಿ ಈ ಪದ್ಧತಿಗೆ ಬಂದ. ಕೆಲವೇ ತಿಂಗಳಲ್ಲಿ ಕನ್ನಡಕವಿಲ್ಲದೆ ಓದತೊಡಗಿದೆನೆಂದು ಹೇಳಿ 1942ರಲ್ಲಿ ‘ದಿ ಆರ್ಟ್ ಆಫ್ ಸೀಯಿಂಗ್’ ಬರೆದ. ಆ ಪುಸ್ತಕವನ್ನು ನಾನು ಇಪ್ಪತ್ತನೆಯ ಶತಮಾನದ ಅತಿ ಉದ್ದದ ಓದುಗರ ಅಭಿಪ್ರಾಯ ಎಂದು ಕರೆಯುತ್ತೇನೆ. ಹತ್ತು ವರ್ಷದ ಮೇಲೆ ಹಾಲಿವುಡ್ಡಿನ ಔತಣಕೂಟವೊಂದರಲ್ಲಿ ಅವನು ಕನ್ನಡಕವಿಲ್ಲದೆ ಭಾಷಣ ಓದುತ್ತಿದ್ದನಂತೆ. ನಡುವೆ ತಡವರಿಸಿದಾಗ ಗೊತ್ತಾಯಿತು, ಅದು ಬಾಯಿಪಾಠ ಮಾಡಿಕೊಂಡು ಬಂದ ಭಾಷಣ. ಹಾಳೆಯನ್ನು ಕಣ್ಣಿನ ಹತ್ತಿರ ಹತ್ತಿರ ತಂದು, ಸಾಲದೆ ಕೊನೆಗೆ ಜೇಬಿನಿಂದ ಭೂತಗನ್ನಡಿ ತೆಗೆದ. ಅಲ್ಲಿದ್ದ ಪ್ರಕಾಶಕ ಬೆನೆಟ್ ಸರ್ಫ್ 1952ರಲ್ಲಿ ಇದನ್ನು ಬರೆದ, ಸಂಕಟಪಟ್ಟುಕೊಂಡೇ ಬರೆದ. ಮಂದ ಬೆಳಕಿನಲ್ಲಿ ಭೂತಗನ್ನಡಿ ಬಳಸುವುದು ಇದ್ದದ್ದೇ ಎಂದು ಹಕ್ಸ್‌ಲೀ ಸಮಜಾಯಿಷಿ ಕೊಟ್ಟ. ಅವನು ಮೋಸಗಾರನಲ್ಲ. ಕಾಣಬೇಕೆಂಬ ಆಸೆ ಅಷ್ಟು ದೊಡ್ಡದಿತ್ತು. ಅಂಥ ತೀಕ್ಷ್ಣಮತಿಗೇ ತನ್ನ ಕಣ್ಣಿನ ವಿಷಯದಲ್ಲಿ ತಾನು ಒಳ್ಳೆಯ ಸಾಕ್ಷಿಯಾಗಲು ಆಗಲಿಲ್ಲ ಎಂದಮೇಲೆ, ನಮ್ಮ ನಿಮ್ಮ ಐದು ಸ್ಟಾರ್ ಯಾವ ಲೆಕ್ಕ?

ಯಂತ್ರಗಳ ವಿಷಯದಲ್ಲಿ ಈ ಗೊಂದಲ ಇನ್ನೂ ವಿಚಿತ್ರ. 2021ರ ಎರಡನೆಯ ಅಲೆಯಲ್ಲಿ ಮನೆಮನೆಗೂ ಆಕ್ಸಿಮೀಟರ್ ಬಂತು. ‘ಸೂಪರ್, ಕರೆಕ್ಟಾಗಿ ತೋರಿಸುತ್ತದೆ’ ಎಂದು ಬರೆದವರಿಗೆ ಲೆಕ್ಕವಿಲ್ಲ. ಕರೆಕ್ಟ್ ಎಂದು ಗೊತ್ತಾದದ್ದು ಹೇಗೆ? ರಕ್ತನಾಳದಿಂದ ರಕ್ತ ತೆಗೆದು ಹೋಲಿಸಿದರೇ? ಅಮೆರಿಕದ ಆಸ್ಪತ್ರೆಗಳಲ್ಲಿ ಹಾಗೆ ಹೋಲಿಸಿ ನೋಡಿದ ಅಧ್ಯಯನ 2020ರ ಡಿಸೆಂಬರಿನಲ್ಲಿ ಬಂತು. ಯಂತ್ರ 92ರಿಂದ 96 ತೋರಿಸುತ್ತಿದ್ದಾಗ ರಕ್ತದಲ್ಲಿ ನಿಜವಾಗಿ 88ಕ್ಕಿಂತ ಕಡಿಮೆ ಇದ್ದದ್ದು ಬಿಳಿಯರಲ್ಲಿ ಶೇ. 3.6 ಸಲ, ಕಪ್ಪುಜನರಲ್ಲಿ ಶೇ. 11.7 ಸಲ. ಬೆರಳಿನ ಮೂಲಕ ಬೆಳಕು ಹಾಯಿಸಿ ಅಳೆಯುವ ಯಂತ್ರಕ್ಕೆ ಚರ್ಮದ ಬಣ್ಣ ಅಡ್ಡ ಬರುತ್ತದೆ. ನಮ್ಮಂಥ ಕಂದು-ಕಪ್ಪು ಚರ್ಮದವರ ದೇಶದಲ್ಲಿ ಇದು ದೊಡ್ಡ ಸುದ್ದಿಯಾಗಬೇಕಿತ್ತು. ಲಕ್ಷ ಜನ ಲಕ್ಷ ರಿವ್ಯೂ ಬರೆದರೂ ಇದು ಹೊರಬರುತ್ತಿರಲಿಲ್ಲ. ಏಕೆಂದರೆ ಬಳಸುವವನಿಗೆ ಆ ತಪ್ಪು ಕಾಣುವುದೇ ಇಲ್ಲ.

ಬಳಸುವವನಿಗೆ ಗೊತ್ತಾಗುವ ಸಂಗತಿಗಳು ಬೇರೆ ಇವೆ, ಅವು ಸಣ್ಣವೂ ಅಲ್ಲ. ಬ್ಯಾಟರಿ ಎಷ್ಟು ದಿನ ಬರುತ್ತದೆ, ಬಿಪಿ ಯಂತ್ರದ ಪಟ್ಟಿ ದಪ್ಪ ತೋಳಿಗೆ ಸಾಲುತ್ತದೆಯೇ, ಅಂಕಿಗಳು ವಯಸ್ಸಾದವರ ಕಣ್ಣಿಗೆ ಕಾಣುತ್ತವೆಯೇ, ಕೆಟ್ಟರೆ ರಿಪೇರಿ ಮಾಡಿಕೊಡುತ್ತಾರೆಯೇ. ಈ ವಿಷಯಗಳಲ್ಲಿ ಬಳಕೆದಾರನ ಮಾತೇ ಪ್ರಮಾಣ, ತಜ್ಞರಿಗಿಂತ ಅವನೇ ಮೇಲು. ಆದರೆ ಸ್ಟಾರ್ ಕೊಡುವಾಗ ಎರಡೂ ಒಂದೇ ಪಾತ್ರೆಗೆ ಬೀಳುತ್ತವೆ. ಪಟ್ಟಿ ಮೆತ್ತಗಿದೆ ಎಂಬ ಸ್ಟಾರೂ ಕಾಯಿಲೆ ವಾಸಿಯಾಯಿತು ಎಂಬ ಸ್ಟಾರೂ ಕೂಡಿ 4.3 ಆಗುತ್ತದೆ. ಆ 4.3 ಯಾವುದರ ಅಳತೆ?

ವಾಚಿನಲ್ಲಿ ಹತ್ತು ಸಾವಿರ ಹೆಜ್ಜೆ ಮುಗಿಸಿ ಪಟಾಕಿ ಚಿತ್ರ ಕಂಡವರು ಖುಷಿಯಾಗಿ ಬರೆಯುತ್ತಾರೆ. ಆ ಹತ್ತು ಸಾವಿರ ಬಂದದ್ದು 1965ರ ಸುಮಾರಿಗೆ ಜಪಾನಿನಲ್ಲಿ ಮಾರಾಟಕ್ಕೆ ಬಂದ ‘ಮಾನ್ಪೊ-ಕೇ’ ಎಂಬ ಹೆಜ್ಜೆಮಾಪಕದ ಹೆಸರಿನಿಂದ. ಹತ್ತು ಸಾವಿರ ಹೆಜ್ಜೆಯ ಮಾಪಕ ಎಂದೇ ಅದರ ಅರ್ಥ. 2019ರಲ್ಲಿ ಅಮೆರಿಕದಲ್ಲಿ ಸರಾಸರಿ 72 ವಯಸ್ಸಿನ 16,741 ಮಹಿಳೆಯರನ್ನು ಗಮನಿಸಿದ ಅಧ್ಯಯನದಲ್ಲಿ, ದಿನಕ್ಕೆ 4,400ರಷ್ಟು ನಡೆದವರಲ್ಲೇ ಸಾವಿನ ಪ್ರಮಾಣ ಕಡಿಮೆ ಕಂಡಿತು. 7,500ರ ಆಚೆ ಹೆಚ್ಚಿನ ಲಾಭ ಕಾಣಲಿಲ್ಲ. ಮಂಡಿನೋವಿನ ಅಜ್ಜಿ ಐದು ಸಾವಿರ ನಡೆದು ‘ಅರ್ಧ ಅಷ್ಟೇ ಆಯ್ತಲ್ಲ’ ಎಂದು ಕೊರಗುವಂತೆ ಮಾಡಿದ್ದು ವಿಜ್ಞಾನವಲ್ಲ, ಒಂದು ಡಬ್ಬಿಯ ಮೇಲಿನ ಹೆಸರು. ನಿದ್ದೆಗೆ ಅಂಕ ಕೊಡುವ ವಾಚಿನ ಅಂಕ ಹೆಚ್ಚಿಸುವ ಚಿಂತೆಯಲ್ಲೇ ನಿದ್ದೆಗೆಡುವವರೂ ಇದ್ದಾರೆ. ಅದಕ್ಕೆ 2017ರಲ್ಲಿ ವೈದ್ಯರು ‘ಆರ್ಥೊಸೋಮ್ನಿಯಾ’ ಎಂಬ ಹೆಸರನ್ನೇ ಇಟ್ಟಿದ್ದಾರೆ.

ಇಷ್ಟೆಲ್ಲ ಹೇಳಿದ ಮೇಲೆ ಬರುವ ಆಕ್ಷೇಪ ನನಗೆ ಗೊತ್ತಿದೆ, ಅದು ಗಂಭೀರವಾದದ್ದೂ ಹೌದು: ‘ಜನರ ಅನುಭವಕ್ಕೆ ಬೆಲೆಯೇ ಇಲ್ಲವೇ? ಆಸ್ಪತ್ರೆಗಳು ಸುಲಿಯುತ್ತಿವೆ, ಡಾಕ್ಟರಿಗೆ ಎರಡು ನಿಮಿಷ ಪುರುಸೊತ್ತಿಲ್ಲ. ಜನ ಇನ್ನೇನು ಮಾಡಬೇಕು?’ ನಾನು ಸಂಶೋಧನೆ ಮಾಡುತ್ತಿರುವುದೇ ಕನ್ನಡದ ಆತ್ಮಕಥನಗಳ ಮೇಲೆ. ‘ನನಗೆ ಹೀಗಾಯಿತು’ ಎಂಬ ಮಾತಿನ ಬೆಲೆ ನನಗೆ ಗೊತ್ತು. ನವ್ಯರು ಅನುಭವದ ಪ್ರಾಮಾಣಿಕತೆಯನ್ನು ಸಾಹಿತ್ಯದ ಒರೆಗಲ್ಲು ಮಾಡಿದರು. ಅನುಭವಿಸಿದವರೇ ಮಾತಾಡಲಿ ಎಂದು ದಲಿತ-ಬಂಡಾಯದವರು ಹೇಳಿದ್ದರಿಂದ ಕನ್ನಡ ಸಾಹಿತ್ಯದ ದಿಕ್ಕೇ ಬದಲಾಯಿತು. ಅಪಮಾನಿತನು ತನ್ನ ಅಪಮಾನ ಹೇಳಿಕೊಳ್ಳುವಾಗ ಅದಕ್ಕೆ ಬೇರೆ ಸಾಕ್ಷಿ ಕೇಳುವುದು ಕ್ರೌರ್ಯ. ಆದರೆ ‘ನನಗೆ ನೋವಾಗಿದೆ’ ಎಂಬ ಮಾತು ಬೇರೆ, ‘ಈ ಪುಡಿಯಿಂದ ನನ್ನ ನೋವು ಹೋಯಿತು, ನಿನ್ನದೂ ಹೋಗುತ್ತದೆ’ ಎಂಬ ಮಾತು ಬೇರೆ. ಮೊದಲನೆಯದು ಅನುಭವ. ಎರಡನೆಯದು ಇನ್ನೊಬ್ಬರ ಮೈಯ ಬಗ್ಗೆ ಹೇಳುವ ಭವಿಷ್ಯ. ಕವಿತೆಗೆ ಹಾಕುವ ಒರೆಗಲ್ಲನ್ನು ಮಾತ್ರೆಗೂ ಹಾಕುತ್ತಿದ್ದೇವೆ.

ರೋಗಿಯ ಮಾತಿಗೆ ವೈದ್ಯಕೀಯದಲ್ಲೂ ದೊಡ್ಡ ಜಾಗವಿದೆ. ಕೋವಿಡ್ ವಾಸಿಯಾದ ಮೇಲೂ ತಿಂಗಳುಗಟ್ಟಲೆ ಸುಸ್ತು, ಉಸಿರುಕಟ್ಟು ಉಳಿಯುತ್ತದೆಂದು 2020ರಲ್ಲಿ ಮೊದಲು ಕೂಗಿ ಹೇಳಿದವರು ರೋಗಿಗಳು. ‘ಲಾಂಗ್ ಕೋವಿಡ್’ ಎಂಬ ಹೆಸರನ್ನು ಕೊಟ್ಟವರೂ ಅವರೇ. ಔಷಧಿಯಿಂದ ತೊಂದರೆಯಾದರೆ ರೋಗಿಯೇ ನೇರವಾಗಿ ವರದಿ ಮಾಡಲು ಭಾರತದಲ್ಲಿ ಔಷಧ ಜಾಗೃತಿ ಕಾರ್ಯಕ್ರಮವಿದೆ, 1800-180-3024 ಎಂಬ ಉಚಿತ ಸಹಾಯವಾಣಿಯಿದೆ. ರೋಗಿಯ ಮಾತು ವಿಚಾರಣೆಯನ್ನು ಶುರುಮಾಡುತ್ತದೆ. ರಿವ್ಯೂ ಪುಟದಲ್ಲಾದರೋ ಅದೇ ತೀರ್ಪು. ಇನ್ನು ಆಸ್ಪತ್ರೆಗಳ ಸುಲಿಗೆಯ ಮಾತು. ಅದು ಸುಳ್ಳಲ್ಲ. ಆದರೆ ಆ ಸಿಟ್ಟಿನಿಂದ ಆಸ್ಪತ್ರೆಯ ದರ ಇಳಿಯಬೇಕು, ಸರ್ಕಾರಿ ಆಸ್ಪತ್ರೆಯಲ್ಲಿ ಡಾಕ್ಟರು ಸಿಗಬೇಕು. ಸಿಟ್ಟಿನ ಲಾಭ ಪುಡಿ ಮಾರುವವನಿಗೆ ಹೋದರೆ ಸುಲಿಯುವ ಕೈ ಬದಲಾಯಿತೇ ಹೊರತು ಸುಲಿಗೆ ನಿಲ್ಲಲಿಲ್ಲ.

ತಪ್ಪಿನ ಪಾಲು ನಮ್ಮ ಸಾಹಿತ್ಯಲೋಕಕ್ಕೂ ಇದೆ. ವೈದ್ಯರೇ ಲೇಖಕರಾದ ಒಳ್ಳೆಯ ಪರಂಪರೆ ಕನ್ನಡದ್ದು. ‘ಕೊರವಂಜಿ’ಯ ರಾಶಿ ವೈದ್ಯರು. ಅನುಪಮಾ ನಿರಂಜನ ಕಾದಂಬರಿಗಳ ಜೊತೆಗೆ ‘ತಾಯಿ-ಮಗು’, ‘ದಾಂಪತ್ಯ ದೀಪಿಕೆ’ ಬರೆದರು. ನಿಮ್ಹಾನ್ಸಿನಲ್ಲಿದ್ದ ಸಿ.ಆರ್. ಚಂದ್ರಶೇಖರ್ ಮನಸ್ಸಿನ ಕಾಯಿಲೆಗಳ ಬಗ್ಗೆ ಕನ್ನಡದಲ್ಲಿ ನೂರಕ್ಕೂ ಹೆಚ್ಚು ಪುಸ್ತಕ ಕೊಟ್ಟರು. ಈ ಬಗೆಯ ಪುಸ್ತಕಗಳನ್ನು ನಮ್ಮ ವಿಮರ್ಶೆ ಎಷ್ಟು ಗಂಭೀರವಾಗಿ ಓದಿದೆ? ಕಾದಂಬರಿಗೆ ಹತ್ತು ಪುಟ ಮೀಸಲಿಡುವ ಪತ್ರಿಕೆ ಆರೋಗ್ಯದ ಪುಸ್ತಕಕ್ಕೆ ಕೊಡುವುದು ‘ಸ್ವೀಕಾರ’ದ ಪಟ್ಟಿಯಲ್ಲಿ ಒಂದು ಸಾಲು. ವಿಮರ್ಶಕರು ಹೀಗೆ ಖಾಲಿ ಬಿಟ್ಟ ಜಾಗದಲ್ಲಿ ಸ್ಟಾರ್‌ಗಳು ಬಂದು ಕೂತಿವೆ. ಕಾದಂಬರಿಯ ಒಂದು ತಪ್ಪು ಓದಿನಿಂದ ಯಾರ ಕಾಲಿನ ಬೆರಳೂ ಹೋಗುವುದಿಲ್ಲ, ಅದಕ್ಕೇ ನಾವು ವಾರಗಟ್ಟಲೆ ಜಗಳವಾಡುತ್ತೇವೆ.

ನನ್ನ ಬೇಡಿಕೆಗಳು ದೊಡ್ಡವಲ್ಲ. ಸಾಹಿತ್ಯ ಪತ್ರಿಕೆಗಳು ತಿಂಗಳಿಗೊಂದಾದರೂ ಆರೋಗ್ಯದ ಪುಸ್ತಕವನ್ನು, ವಿಷಯ ಬಲ್ಲವರ ಕೈಯಲ್ಲಿ, ನಿಷ್ಠುರವಾಗಿ ವಿಮರ್ಶೆ ಮಾಡಿಸಲಿ. ಓದುಗರು ಬರೆಯುವುದನ್ನು ನಿಲ್ಲಿಸಬೇಕಾಗಿಲ್ಲ. ಭಾಷೆ ತಿಳಿಯಾಗಿದೆಯೇ, ಹೇಳಿದ ಕ್ರಮವನ್ನು ದುಡಿದು ತಿನ್ನುವ ಮನೆಯಲ್ಲಿ ಪಾಲಿಸಲು ಸಾಧ್ಯವೇ, ಮಾತ್ರೆ ಬಿಡಿ ಎಂದು ಎಲ್ಲಾದರೂ ಹೇಳಿದೆಯೇ, ಡಾಕ್ಟರ ಹತ್ತಿರ ಯಾವಾಗ ಓಡಬೇಕೆಂದು ಹೇಳಿದೆಯೇ, ಇದನ್ನೆಲ್ಲ ಓದುಗ ಬರೆದರೆ ಇನ್ನೊಬ್ಬ ಓದುಗನಿಗೆ ಉಪಕಾರ. ‘ಗುಣವಾಯಿತು’ ಎಂದು ಬರೆಯಲೇಬೇಕೆಂದರೆ ಎಷ್ಟನೆಯ ದಿನ ಬರೆಯುತ್ತಿದ್ದೀರಿ, ಜೊತೆಗೆ ಇನ್ನೇನೇನು ಮಾಡಿದಿರಿ ಎಂದೂ ಬರೆಯಿರಿ. ಫಲ ಸಿಗದವರು ದಯವಿಟ್ಟು ನಾಚಿಕೊಳ್ಳದೆ ಬರೆಯಿರಿ. ಪ್ರಕಾಶಕರು ಓದುಗರ ಪತ್ರಗಳನ್ನು ತಾರೀಕಿನ ಸಮೇತ ಅಚ್ಚುಹಾಕಲಿ, ಒಂದು ವರ್ಷದ ಮೇಲೆ ಅದೇ ಓದುಗರನ್ನು ಮತ್ತೆ ಕೇಳಿ ಆ ಉತ್ತರವನ್ನೂ ಪಕ್ಕದಲ್ಲೇ ಹಾಕಲಿ. ಅದು ಆಗದಿದ್ದರೆ ಆ ಪುಟಗಳನ್ನು ಕೈಬಿಡಲಿ. ಪುಟ ತುಂಬಿಸಲೇಬೇಕಿದ್ದರೆ ನಾಲ್ಕು ಬಗೆಯ ಸೊಪ್ಪಿನ ಸಾರು ಮಾಡುವ ಕ್ರಮ ಬರೆದುಹಾಕಲಿ, ಅದು ಚೆನ್ನಾಗಿದೆಯೋ ಇಲ್ಲವೋ ಎಂಬುದನ್ನು ಯಾರು ಬೇಕಾದರೂ ಮಾಡಿ ಉಂಡು ಹೇಳಬಹುದು.